ಮನೆಗೆ ಇಬ್ಬರೇ ಮಕ್ಕಳು, ಆದರೂ ಜನಸಂಖ್ಯೆ ಏರುತ್ತಿರುವುದೇಕೆ?

ಓದುಗರ ಪ್ರಶ್ನೆ: ದೇಶದ ಫಲವತ್ತತೆ ದರ 2ಕ್ಕೆ ಇಳಿದಿದೆ, ಕರ್ನಾಟಕದಲ್ಲಿ ಇನ್ನೂ ಕಡಿಮೆ ಅಂತಾರೆ. ನಮ್ಮ ಓಣಿಯಲ್ಲೂ ಇಬ್ಬರಿಗಿಂತ ಜಾಸ್ತಿ ಮಕ್ಕಳಿರುವ ಮನೆ ಕಾಣುವುದಿಲ್ಲ. ಆದರೆ ಜನಸಂಖ್ಯೆ ಏರುತ್ತಲೇ ಇದೆ, ಬೆಂಗಳೂರಲ್ಲಂತೂ ಕಾಲಿಡೋಕೆ ಜಾಗ ಇಲ್ಲ. ಹಾಗಾದರೆ ಈ ಲೆಕ್ಕ ಸುಳ್ಳೇ?

ಲೆಕ್ಕ ಸುಳ್ಳಲ್ಲ. ನಿಮ್ಮ ಓಣಿಯೂ ಸುಳ್ಳು ಹೇಳುತ್ತಿಲ್ಲ.

ಮೊದಲು ಅಂಕಿ ನೋಡೋಣ. ಫಲವತ್ತತೆ ದರ ಅಂದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ದರ 3.4 ಇತ್ತು, ಕರ್ನಾಟಕದ್ದು 2.9ರ ಆಸುಪಾಸು. 2019-21ರ ಸಮೀಕ್ಷೆಯ ಹೊತ್ತಿಗೆ ದೇಶ 2.0ಕ್ಕೆ, ಕರ್ನಾಟಕ 1.7ಕ್ಕೆ ಇಳಿದಿದ್ದವು. 1.7 ಮಗು ಹೇಗಿರುತ್ತೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ನೂರು ಹೆಂಗಸರಿಗೆ 170 ಮಕ್ಕಳು ಅಂತ ಓದಿಕೊಂಡರೆ ಸಾಕು. ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನ ಬರಬೇಕಾದರೆ ಈ ದರ 2.1 ಇರಬೇಕು. ಎರಡರ ಮೇಲೆ ಆ ಚೂರು ಯಾಕೆಂದರೆ, ಹುಟ್ಟುವ ಮಕ್ಕಳಲ್ಲಿ ಗಂಡು ಸ್ವಲ್ಪ ಜಾಸ್ತಿ. ಹುಟ್ಟಿದ ಹೆಣ್ಣುಮಕ್ಕಳಲ್ಲೂ ಕೆಲವರು ತಾಯಿಯಾಗುವ ವಯಸ್ಸಿನವರೆಗೆ ಬದುಕುವುದಿಲ್ಲ.

ಈಗ ಒಂದು ಊರು ಅಂದುಕೊಳ್ಳಿ. ಅಲ್ಲಿ 100 ಜೋಡಿ, ಅಂದರೆ 200 ಜನ. ಒಂದೊಂದು ಜೋಡಿಗೂ ಐದು ಮಕ್ಕಳು ಉಳಿದರು, ಒಟ್ಟು 500. ಊರಿನ ಜನಸಂಖ್ಯೆ 700. ಆ 500 ಮಕ್ಕಳು ಬೆಳೆದು ಊರೊಳಗೇ ಮದುವೆಯಾದರು, 250 ಜೋಡಿಗಳಾದವು. ಇವರು ಬಹಳ ಶಿಸ್ತಿನವರು, ಎರಡಕ್ಕೇ ನಿಲ್ಲಿಸಿದರು. ಹುಟ್ಟಿದ ಮಕ್ಕಳು 500. ಅಷ್ಟರಲ್ಲಿ ಹಳೆಯ 200 ಜನ ತೀರಿಕೊಂಡರು. ಈಗ ಊರಲ್ಲಿ ಎಷ್ಟು ಜನ? 1000. ಈ ಸಲ ಯಾರೂ ಎರಡಕ್ಕಿಂತ ಜಾಸ್ತಿ ಹೆರಲಿಲ್ಲ, ಆದರೂ 700 ಇದ್ದದ್ದು 1000 ಆಯಿತು.

ಭಾರತದ ಕಥೆಯೂ ಇದೇ. 1971ರಲ್ಲಿ ದೇಶದ ದರ 5.2 ಇತ್ತು. ಆ ಕಾಲದ ದೊಡ್ಡ ಸಂಸಾರಗಳ ಮೊಮ್ಮಕ್ಕಳೇ ಇವತ್ತು ತಾಯಂದಿರಾಗುತ್ತಿರುವವರು. ಒಬ್ಬೊಬ್ಬರು ಹೆರುವುದು ಕಡಿಮೆ, ಹೆರುವವರು ಮಾತ್ರ ಬಹಳ. ಇತ್ತ ಆಯಸ್ಸೂ ಬೆಳೆದಿದೆ. ಸ್ವಾತಂತ್ರ್ಯ ಬಂದಾಗ ಸರಾಸರಿ ಆಯಸ್ಸು ಮೂವತ್ತರ ಆಚೀಚೆ ಇತ್ತು, ಈಗ ಸುಮಾರು 70. ವರ್ಷಕ್ಕೆ ಹೆಚ್ಚುಕಮ್ಮಿ 2.3 ಕೋಟಿ ಮಕ್ಕಳು ಹುಟ್ಟುತ್ತಾರೆ, ಸಾಯುವವರು ಅದರ ಅರ್ಧವೂ ಇಲ್ಲ.

ಇಷ್ಟಕ್ಕೇ ಸಾಮಾನ್ಯವಾಗಿ ಉತ್ತರ ಮುಗಿಸಿಬಿಡುತ್ತಾರೆ. ಆದರೆ ಕರ್ನಾಟಕದ ಮಟ್ಟಿಗೆ ಇನ್ನೊಂದು ವಿಷಯ ಇದೆ. ಅದನ್ನು ತಿಳಿಯಲು ದರ ಇಳಿದದ್ದು ಹೇಗೆ ಅಂತ ನೋಡಬೇಕು.

ಈ ವಿಷಯದಲ್ಲಿ ನಾವು ಹಿಂದೆ ಬಿದ್ದವರೇನಲ್ಲ. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಆದೇಶ ಹೊರಡಿಸಿತ್ತು. 1952ರಲ್ಲಿ ದೇಶದ ಕುಟುಂಬ ಯೋಜನೆ ಶುರುವಾದ ಹೊತ್ತಿನಲ್ಲಿ ರಾಮನಗರದ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ, ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಇರುವ 'ಸುರಕ್ಷಿತ' ದಿನಗಳನ್ನು ಎಣಿಸಿ ಅಂತ ಹೇಳಿಕೊಟ್ಟರು. ಅದು ಫಲಿಸಲಿಲ್ಲ. ಮಣಿ ಸರಿಸುವುದು ಹೆಂಡತಿಯ ಕೈಯಲ್ಲಿತ್ತು, ಉಳಿದದ್ದು ಗಂಡನ ಕೈಯಲ್ಲಿತ್ತಲ್ಲ!

ಮುಂದೆ ಕುಟುಂಬ ಯೋಜನೆಯ ಗುರುತಾಗಿ ಕೆಂಪು ತ್ರಿಕೋನ ಬಂತು, 'ಆರತಿಗೊಬ್ಬಳು, ಕೀರ್ತಿಗೊಬ್ಬ' ಅನ್ನುವ ಮಾತು ಮನೆಮಾತಾಯಿತು. ಆಗ ಗಂಡಸರೂ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದರು. ತುರ್ತು ಪರಿಸ್ಥಿತಿ ಅದನ್ನು ಕೆಡಿಸಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಿದರು, ಎಷ್ಟೋ ಜನರಿಗೆ ಬಲವಂತವಾಗಿ. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಆಮೇಲೆ ಗಂಡಸರ ತಂಟೆಗೆ ಹೋಗುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ಎಲ್ಲ ಭಾರ ಹೆಂಗಸರ ಮೇಲೆ ಬಿತ್ತು.

ಅದರ ಫಲ ಇವತ್ತಿಗೂ ಕಾಣುತ್ತದೆ. 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ಆಪರೇಷನ್ ಆಗಿದೆ. ಮಾಡಿಸಿಕೊಂಡ ಗಂಡಸರ ಪ್ರಮಾಣ ಹತ್ತಿರಹತ್ತಿರ ಸೊನ್ನೆ. ಹೆಣ್ಣುಮಕ್ಕಳ ಓದು, ಎಳೆ ಕೂಸುಗಳ ಸಾವು ಕಡಿಮೆಯಾದದ್ದು, ಹೊಲ ಚೂರಾದದ್ದು, ಸ್ಕೂಲ್ ಫೀಸು, ಎಲ್ಲವೂ ಕಾರಣಗಳೇ. ಮಕ್ಕಳು ಎರಡೇ ಸಾಕು ಅಂತ ಜನ ನಿರ್ಧರಿಸಿದ್ದು ಇವುಗಳಿಂದ. ಆ ನಿರ್ಧಾರ ನಡೆಸಿಕೊಟ್ಟದ್ದು ಮಾತ್ರ ಹೆಂಗಸರ ಆಪರೇಷನ್.

ಇದಕ್ಕೂ ನಿಮ್ಮ ಪ್ರಶ್ನೆಗೂ ಏನು ಸಂಬಂಧ? ಇದೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬೇಗ ಮದುವೆ, ಬೇಗ ಬೇಗ ಎರಡು ಮಕ್ಕಳು, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್: ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ನಡೆದ ಕ್ರಮ ಇದು. ಹೀಗಾದರೆ ದರವೇನೋ ಇಳಿಯುತ್ತದೆ, ಆದರೆ ತಲೆಮಾರುಗಳ ನಡುವಿನ ಅಂತರವೂ ಕುಗ್ಗುತ್ತದೆ. ನಲವತ್ತಕ್ಕೇ ಅಜ್ಜಿ, ಅರವತ್ತಕ್ಕೆ ಮುತ್ತಜ್ಜಿ. ಒಂದೇ ಹೊತ್ತಿಗೆ ನಾಲ್ಕು ತಲೆಮಾರು ಬದುಕಿರುತ್ತವೆ. ಅದೇ ಎರಡು ಮಕ್ಕಳನ್ನು ಇಪ್ಪತ್ತೆಂಟಕ್ಕೆ ಶುರು ಮಾಡಿದರೆ ಮೂರೇ ತಲೆಮಾರು. ಹುಡುಗಿಯರನ್ನು ಇನ್ನಷ್ಟು ವರ್ಷ ಓದಿಸುವುದಕ್ಕೆ ಬೇರೆ ನೂರು ಒಳ್ಳೆಯ ಕಾರಣಗಳಿವೆ, ಈ ಲೆಕ್ಕವೂ ಅದಕ್ಕೆ ಸೇರಿಕೊಳ್ಳಲಿ.

ಹಾಗಾದರೆ ಏರಿಕೆ ನಿಲ್ಲುವುದು ಯಾವಾಗ? ವಿಶ್ವಸಂಸ್ಥೆಯ 2024ರ ಅಂದಾಜಿನಂತೆ, 2060ರ ದಶಕದ ಆರಂಭದಲ್ಲಿ ಭಾರತ 170 ಕೋಟಿಯ ಹತ್ತಿರ ಮುಟ್ಟಿ, ಆಮೇಲೆ ಇಳಿಯುತ್ತದೆ. ದಕ್ಷಿಣದ ರಾಜಕಾರಣಿಗಳಿಗೆ ಆಗಲೇ ಉಲ್ಟಾ ಚಿಂತೆ: ಮುದುಕರು ಹೆಚ್ಚಿ, ದುಡಿಯುವ ವಯಸ್ಸಿನವರು ಕಡಿಮೆಯಾದರೆ ಏನು ಗತಿ ಅಂತ. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲೇ ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂದರು. ಹೇಳಿದ್ದಕ್ಕೆಲ್ಲ ಜನ ಹೆರುತ್ತಾರೆಯೇ? ದಕ್ಷಿಣ ಕೊರಿಯಾ ವರ್ಷಗಟ್ಟಲೆ ಹಣ ಸುರಿದೂ 2023ರಲ್ಲಿ 0.72ಕ್ಕೆ ಬಂದು ನಿಂತಿತ್ತು.

ಇನ್ನು ಬೆಂಗಳೂರಿನ ಮಾತು. ಅಲ್ಲಿನ ಜನಸಂದಣಿಗೆ ಹೆರಿಗೆ ವಾರ್ಡು ಅಷ್ಟೇನೂ ಹೊಣೆಯಲ್ಲ, ಜನ ದುಡಿಯಲು ಬರುತ್ತಿದ್ದಾರೆ. ಯಾದಗಿರಿ, ರಾಯಚೂರಿನಿಂದ ಬರುತ್ತಾರೆ, ಬಿಹಾರ, ಒಡಿಶಾ, ಅಸ್ಸಾಂನಿಂದಲೂ ಬರುತ್ತಾರೆ. ಆದರೆ ಬಿಹಾರದ ದರವೂ 2005-06ರಲ್ಲಿ 4 ಇದ್ದದ್ದು 2019-21ರಲ್ಲಿ 3ಕ್ಕೆ ಇಳಿದಿದೆ. ನಾವು ಮೂವತ್ತು ವರ್ಷದ ಹಿಂದೆ ಇದ್ದ ಜಾಗದಲ್ಲಿ ಅವರು ಈಗ ಇದ್ದಾರೆ.