ಕಟ್ಟೆಯ ಮಟ್ಟವನ್ನು ದಿನಕ್ಕೆ ಎಷ್ಟು ಸಲ ನೋಡಬೇಕು?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. ಎರಡು ಎಕರೆ ಭತ್ತ, ಒಂದು ಎಕರೆ ಕಬ್ಬು. ರೈತರದು, ಊರಿನದು, ನೆಂಟರದು ಎಂದು ಮೊಬೈಲಿನಲ್ಲಿ ಹದಿನೇಳು ಗುಂಪುಗಳಿವೆ. ಮಳೆಗಾಲ ಬಂತೆಂದರೆ ಕನ್ನಂಬಾಡಿ ಕಟ್ಟೆಯ ಮಟ್ಟವೇ ದಿನಕ್ಕೆ ಇಪ್ಪತ್ತು ಸಲ ಬರುತ್ತದೆ. ಓದಿದರೆ ತಲೆ ಚಿಟ್ಟು ಹಿಡಿಯುತ್ತದೆ, ಓದದಿದ್ದರೆ ಏನೋ ತಪ್ಪಿಹೋಯಿತೆಂಬ ಭಯ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಷೇರು ಪೇಟೆ, ಮಕ್ಕಳ ಪರೀಕ್ಷೆ, ಸಕ್ಕರೆ ಕಾಯಿಲೆ ಎಂದು ವಿಷಯ ಬದಲಾಗುತ್ತದೆ, ದೂರು ಒಂದೇ. ನಿಮ್ಮ ಕಟ್ಟೆಯನ್ನೇ ಹಿಡಿದು ಹೇಳುತ್ತೇನೆ.

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಗರಿಷ್ಠ ಮಟ್ಟ 124.80 ಅಡಿ. ಬೆಳಿಗ್ಗೆ 112 ಅಡಿ ಇದ್ದದ್ದು ಸಂಜೆಗೆ 113 ಆಯಿತೆಂದು ತಿಳಿದು ನೀವು ಮಾಡುವುದೇನು? ಆಗಲೇ ಎದ್ದು ಒಟ್ಲು (ಭತ್ತದ ಸಸಿಮಡಿ) ಹಾಕುತ್ತೀರಾ? ಇಲ್ಲ. ವಿಶ್ವೇಶ್ವರಯ್ಯ ನಾಲೆಗೆ ಯಾವತ್ತಿನಿಂದ ನೀರು, ಎಷ್ಟು ಕಟ್ಟು (ಸರದಿ) ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಬೇಕು. ಆಮೇಲೆ ತಾನೇ ನಿಮ್ಮ ಒಟ್ಲು, ಉಳುಮೆ, ನಾಟಿಯ ಆಳುಗಳ ಲೆಕ್ಕ? ಅಂದರೆ ಇಡೀ ಹಂಗಾಮಿನಲ್ಲಿ ನಿಮ್ಮ ಕೈಕೆಲಸವನ್ನು ಬದಲಿಸುವ ಸುದ್ದಿ ಒಂದೋ ಎರಡೋ. ಉಳಿದದ್ದು ಕುತೂಹಲ. ಅದನ್ನು ನಾನು ಹಳಿಯುವುದಿಲ್ಲ. ಕಟ್ಟೆ ತುಂಬುವುದನ್ನು ನೋಡುವ ಸಂತೋಷ ಮಂಡ್ಯದವರಿಗಲ್ಲದೆ ಇನ್ನಾರಿಗೆ ಸಲ್ಲಬೇಕು? ಆದರೆ ಅದಕ್ಕೆ ದಿನಕ್ಕೊಂದು ಸಲ ಸಾಕು. ಮಳೆ ಕೈಕೊಟ್ಟ 2023ರಲ್ಲಿ ನೀವು ಇನ್ನೂ ಹೆಚ್ಚು ಸಲ ನೋಡಿರುತ್ತೀರಿ. ನೋಡಿದ್ದಕ್ಕೆ ಒಂದು ಅಂಗುಲವೂ ಏರಲಿಲ್ಲ.

ಗೊತ್ತಿದ್ದೂ ಕೈ ಮೊಬೈಲಿಗೇ ಹೋಗುವುದೇಕೆ? ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಗುಂಡಿಯನ್ನು ಕುಕ್ಕಿದಾಗ ಕಾಳು ಬೀಳುತ್ತದೆ, ಆದರೆ ಎಷ್ಟನೆಯ ಸಲಕ್ಕೆ ಬೀಳುತ್ತದೆಂದು ಗೊತ್ತಿಲ್ಲ. ಹಾಗಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ನಿಮ್ಮ ಗುಂಪುಗಳಲ್ಲೂ ಹಾಗೆಯೇ. ಮೂವತ್ತು ಜೊಳ್ಳಿನ ನಡುವೆ ಯಾವಾಗಲೋ ಒಂದು ಗಟ್ಟಿ ಕಾಳು ಸಿಗುತ್ತದೆ. ಎಲ್ಲವೂ ಜೊಳ್ಳಾಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದಿರಿ.

ಇನ್ನೊಂದು ಕಾರಣ, ಇದಕ್ಕೆ ಕೊನೆ ಎಂಬುದಿಲ್ಲ. ಪತ್ರಿಕೆಗೆ ಕೊನೆಯ ಪುಟವಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರಲ್ಲ, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಆ ಪ್ರಸಾರವೂ ಕೆಲವು ಗಂಟೆಗಳದ್ದು, ಆಮೇಲೆ ಮೌನ. ಮೊಬೈಲಿನ ಪರದೆಯಲ್ಲಿ ಎಷ್ಟು ತಳ್ಳಿದರೂ ಕೆಳಗಿನಿಂದ ಇನ್ನಷ್ಟು ಬರುತ್ತದೆ. ಅದನ್ನು ಹಾಗೆಂದೇ ಕಟ್ಟಿದ್ದಾರೆ.

ಎಲ್ಲವನ್ನೂ ಓದಿದರೆ ಏನೂ ತಪ್ಪುವುದಿಲ್ಲ ಎಂಬ ನಿಮ್ಮ ಎಣಿಕೆ ನನ್ನದೂ ಆಗಿತ್ತು. ನಮ್ಮ ಬಡಾವಣೆಯ ಗುಂಪಿನಲ್ಲಿ ಒಂದು ರಾತ್ರಿ ನೂರಕ್ಕೂ ಹೆಚ್ಚು ಸಂದೇಶಗಳಿದ್ದವು: ದೇವರ ಚಿತ್ರ, ಶುಭೋದಯ, ಯಾರದೋ ಹುಟ್ಟುಹಬ್ಬ, ಅದಕ್ಕೆ ನಲವತ್ತು ಜನರ ಹಾರೈಕೆ. ಕಣ್ಣಾಡಿಸಿ ಮಲಗಿದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗಾಳಿ. ಎರಡು ದಿನ ನೀರು ಬರುವುದಿಲ್ಲವೆಂಬ ಸೂಚನೆ ಹಾರೈಕೆಗಳ ನಡುವೆ ಹೂತುಹೋಗಿತ್ತು. ಹಾರೈಸಿದವರಲ್ಲಿ ನಾನೂ ಒಬ್ಬ. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬಡತನ ಬರುತ್ತದೆ ಎಂಬರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ನನಗೆ ಅದು ಅರ್ಥವಾದದ್ದು ಖಾಲಿ ಬಕೆಟ್ಟಿನ ಮುಂದೆ.

ಇನ್ನು ಮಾಡಬೇಕಾದದ್ದು. ನಾಲೆಯ ನೀರು ನಿಮಗೆ ಕಟ್ಟು ಪದ್ಧತಿಯಲ್ಲಿ ಬರುತ್ತದೆ: ಇಷ್ಟು ದಿನ ಹರಿಯುತ್ತದೆ, ಇಷ್ಟು ದಿನ ನಿಲ್ಲುತ್ತದೆ. ಸದಾ ನೀರು ನಿಂತರೆ ಕಬ್ಬಿನ ಬೇರು ಕೊಳೆಯುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಸುದ್ದಿಗೂ ಸರದಿ ಗೊತ್ತುಮಾಡಿ: ಬೆಳಗಿನ ಕಾಫಿಯ ನಂತರ ಒಂದು ಸಲ, ಸಂಜೆ ದನ ಕಟ್ಟಿದ ಮೇಲೆ ಒಂದು ಸಲ. ಹದಿನೇಳು ಗುಂಪುಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಎರಡನ್ನು ಬಿಟ್ಟು ಮಿಕ್ಕವನ್ನು ‘ಯಾವಾಗಲೂ’ ಎಂದೇ ಮ್ಯೂಟ್ ಮಾಡಿ, ಆರ್ಕೈವ್‌ಗೆ ತಳ್ಳಿ. ಹೊಸ ಸಂದೇಶ ಬಂದರೂ ಅವು ಮೇಲೆದ್ದು ಬರುವುದಿಲ್ಲ. ಗುಂಪನ್ನೇ ಬಿಡಬಹುದಲ್ಲ ಎನ್ನುವಿರಿ. ವಾಟ್ಸ್‌ಆ್ಯಪ್‌ನಲ್ಲಿ 2022ರಿಂದ ಯಾರಾದರೂ ಹೊರಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಆದರೆ ನೆಂಟರ ಗುಂಪಿನ ಅಡ್ಮಿನ್ ನಿಮ್ಮ ಸೋದರಮಾವನೇ ಆಗಿದ್ದರೆ ಈ ಸೌಲಭ್ಯದಿಂದ ಪ್ರಯೋಜನವಿಲ್ಲ. ಮ್ಯೂಟ್ ಮಾಡುವುದೇ ಕ್ಷೇಮ.

ಕಟ್ಟೆ ಒಡೆಯುತ್ತದೆ, ಸೇತುವೆ ಕೊಚ್ಚಿಹೋಯಿತು ಎಂಬ ವಿಡಿಯೊಗಳು ಬಂದಾಗ ಮೇಲ್ಭಾಗದಲ್ಲಿ ಎರಡು ಬಾಣದ ಗುರುತಿದೆಯೇ ನೋಡಿ. ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದರ ಗುರುತು. ಸುಳ್ಳೆಂದೇ ಅರ್ಥವಲ್ಲ, ಆದರೆ ಎಲ್ಲಿಯದು, ಯಾವ ವರ್ಷದ್ದು ಎಂದು ಕಳುಹಿಸಿದವರಿಗೇ ಗೊತ್ತಿರುವುದು ಅಪರೂಪ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಬಹುದೆಂಬ ಮಿತಿ 2020ರಿಂದ ಇದೆ. ನೀವು ಆ ಒಂದನ್ನೂ ಕಳುಹಿಸಬೇಡಿ.

ತಪ್ಪಿಹೋದರೆ ಎಂಬ ಭಯ ಉಳಿಯಿತು. ನಾಲೆಗೆ ನೀರು ಬಿಡುವ ದಿನವನ್ನು ಮಂಡ್ಯದಲ್ಲಿ ಗುಟ್ಟಾಗಿ ಇಡಲು ಯಾರಿಂದಾದೀತು? ಪತ್ರಿಕೆಯಲ್ಲಿ ಬರುತ್ತದೆ, ಟೀ ಅಂಗಡಿಯಲ್ಲಿ ಜಗಳವಾಗುತ್ತದೆ, ನಾಲೆಯ ನೀರು ತಿರುಗಿಸುವ ಸೌಡಿ ಹೇಳುತ್ತಾನೆ. ಇಷ್ಟರ ಮೇಲೂ ತಿಳಿಯದಿದ್ದರೆ, ಪಕ್ಕದ ಗದ್ದೆಯವರು ಬದು ಕಟ್ಟುತ್ತಿರುವುದು ನಿಮ್ಮ ಜಗುಲಿಯಿಂದಲೇ ಕಾಣುತ್ತದೆ, ಆ ಹೊತ್ತಿನಲ್ಲಿ ನೀವು ಮೊಬೈಲ್ ನೋಡುತ್ತಿರದಿದ್ದರೆ.