ಕಾಲು ಡಿಗ್ರಿ ಚೌಕದಲ್ಲಿ ಧಾರವಾಡದ ಮಳೆ

ಹವಾಮಾನಶಾಸ್ತ್ರ ಕಲಿಸುವವರಿಗೆ ಈಗ ದತ್ತಾಂಶದ ಬರವಿಲ್ಲ. ಯುರೋಪಿನ ಇಆರ್‌ಎ5 ಮರುವಿಶ್ಲೇಷಣೆಯಲ್ಲಿ (ಹಳೆಯ ವೀಕ್ಷಣೆಗಳನ್ನು ಕಂಪ್ಯೂಟರ್ ಮಾದರಿಯೊಡನೆ ಬೆಸೆದು, ಕಾಲು ಡಿಗ್ರಿ ಚೌಕಗಳಲ್ಲಿ ಮರುಕಟ್ಟಿದ ದಾಖಲೆ) 1940ರಿಂದೀಚಿನ ಗಾಳಿ, ಉಷ್ಣಾಂಶ, ಮಳೆ ಗಂಟೆಗಂಟೆಗೂ ಉಚಿತವಾಗಿ ಸಿಗುತ್ತವೆ. ಧಾರವಾಡದ ತರಗತಿಗೆ ಅಕ್ಷಾಂಶ 13ರಿಂದ 17, ರೇಖಾಂಶ 73ರಿಂದ 78ರ ತುಂಡು ಸಾಕು. ಕಾರವಾರದ ಕಡಲು, ಘಟ್ಟ, ಹಾವೇರಿ, ಗದಗ ಎಲ್ಲವೂ ಅದರೊಳಗೆ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಮುಂಗಾರಿನ ಮಳೆಯ ಕಡತ ನಾಲ್ಕೈದು ಎಂಬಿ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆ, ಅದರಲ್ಲಿ ಇಂಥ ಕಡತ ಓದುವ ಎಕ್ಸ್‌ಅರೇ ಸಲಕರಣೆ ಇದ್ದರೆ ಕೆಲಸ ನಡೆಯುತ್ತದೆ.

ಆದರೆ ಮೊದಲ ವಾರವೇ ಬಣ್ಣದ ನಕ್ಷೆ ಬಿಡಿಸಲು ಹಚ್ಚಬಾರದು. ಒಂದೇ ಊರಿನ ಒಂದೇ ದಿನದ ಮಳೆಯನ್ನು ಲೆಕ್ಕ ಹಾಕಿಸಿ, ಮಳೆಮಾಪಕದ ಅಂಕಿಯ ಪಕ್ಕ ಇಡಿಸಬೇಕು. ಎಡವುವ ಜಾಗಗಳೆಲ್ಲ ಅಲ್ಲೇ ಸಿಗುತ್ತವೆ. ಇಆರ್‌ಎ5ರಲ್ಲಿ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. 13ರಿಂದ 17 ಎಂದು ಕೇಳಿದರೆ ದೋಷದ ಸಂದೇಶವೂ ಇಲ್ಲದೆ ಖಾಲಿ ಕೋಷ್ಟಕ ಬರುತ್ತದೆ. 17ರಿಂದ 13 ಎಂದು ಕೇಳಬೇಕು. ಮಳೆ ಮೀಟರಿನಲ್ಲಿರುತ್ತದೆ, 1000ದಿಂದ ಗುಣಿಸಿದರೆ ಮಿಲಿಮೀಟರು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಡಿಯಾರ. ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ, ಅಂದರೆ ಜಾಗತಿಕ ಸಮಯ 03 ಗಂಟೆಗೆ. ಹಿಂದಿನ 24 ಗಂಟೆಯ ಮಳೆಯೆಲ್ಲ ಅಳೆದ ದಿನದ ಲೆಕ್ಕಕ್ಕೆ ಸೇರುತ್ತದೆ. ಮೇ 10ರ ಸಂಜೆ ಗುಡುಗಿ ಸುರಿದದ್ದು ದಾಖಲೆಯಲ್ಲಿ ಮೇ 11ರ ಮಳೆ. ಇಆರ್‌ಎ5ರ ಪ್ರತಿ ಅಂಕಿ ಜಾಗತಿಕ ಸಮಯದಲ್ಲಿ ಆ ಹೊತ್ತಿಗೆ ಮುಗಿದ ಗಂಟೆಯ ಮಳೆ. ಹಾಗಾಗಿ 10ರ 04 ಗಂಟೆಯಿಂದ 11ರ 03 ಗಂಟೆವರೆಗಿನ 24 ಅಂಕಿ ಕೂಡಿಸಬೇಕು. ಇದನ್ನು ಬಿಟ್ಟು ಜಾಗತಿಕ ತಾರೀಖಿನಂತೆ ಕೂಡಿಸಿದರೆ ಎರಡು ಸರಣಿಗಳಿಗೆ ತಾಳವೇ ಕೂಡುವುದಿಲ್ಲ. ವಿದ್ಯಾರ್ಥಿಗಳು ಮಾದರಿಯೇ ಕೆಟ್ಟದ್ದೆಂದು ತೀರ್ಮಾನಿಸಿಬಿಡುತ್ತಾರೆ.

ಎತ್ತರವನ್ನೂ ಮರೆಯುವಂತಿಲ್ಲ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ 930 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಗಾಳಿಯ ಕಡತದಲ್ಲಿ 1000 ಹೆಕ್ಟೊಪ್ಯಾಸ್ಕಲ್ ಒತ್ತಡದ ಮಟ್ಟದ ಗಾಳಿಯೂ ಇರುತ್ತದೆ, ಆದರೆ ಇಲ್ಲಿ ಆ ಮಟ್ಟ ಮಣ್ಣಿನೊಳಗಿದೆ. ಅದು ಗಣಿತದಿಂದ ತುಂಬಿದ ಅಂಕಿ. ಮುಂಗಾರಿನ ರಭಸದ ಗಾಳಿ ನೋಡಲು 850ರ ಮಟ್ಟವೇ ಸರಿ. ಪಣಜಿಯಿಂದ ಬೆಳಿಗ್ಗೆ ಹಾರಿಸುವ ಬಲೂನಿನ ದತ್ತಾಂಶದಿಂದ ಹುಬ್ಬಳ್ಳಿಯ ಮಧ್ಯಾಹ್ನದ ಗುಡುಗುಮಳೆಯ ಸಾಧ್ಯತೆ ನೋಡುವಾಗಲೂ ಇದೇ ತೊಡಕು. ಕರಾವಳಿಯ ಕೆಳಪದರವನ್ನು ಬಿಟ್ಟು, ಹುಬ್ಬಳ್ಳಿಯ ನೆಲದ ಒತ್ತಡ, ಉಷ್ಣಾಂಶ, ಇಬ್ಬನಿ ಬಿಂದುವಿನಿಂದ (ತೇವ ಹನಿಗಟ್ಟಲು ತೊಡಗುವ ಉಷ್ಣಾಂಶ) ಶುರು ಮಾಡಬೇಕು. ಮೆಟ್‌ಪೈ ಎಂಬ ಪೈಥಾನ್ ಸಲಕರಣೆ ಕ್ಷಣದಲ್ಲಿ ಉತ್ತರ ಕೊಡುತ್ತದೆ, ನಿಜ. ಆದರೂ ಒಂದೆರಡು ಸಲ ಒತ್ತಡ, ಉಷ್ಣಾಂಶದ ನಕ್ಷೆಯ ಕಾಗದದ ಮೇಲೆ ಕೈಯಿಂದಲೇ ರೇಖೆ ಎಳೆಸಬೇಕು. ಮೇಲೇರುವ ಗಾಳಿಯ ಉಂಡೆ ಎಲ್ಲಿ ತಣಿದು ಮೋಡವಾಯಿತು ಎಂಬುದು ಎಳೆದವರಿಗೇ ಚೆನ್ನಾಗಿ ತಿಳಿಯುತ್ತದೆ.

ಇನ್ನು ಚೌಕದ ಅಳತೆ. ಕಾಲು ಡಿಗ್ರಿಯೆಂದರೆ ಸುಮಾರು 27 ಕಿ.ಮೀ., ಒಂದು ಚೌಕ 700 ಚದರ ಕಿಲೋಮೀಟರಿಗೂ ದೊಡ್ಡದು. ಅಳ್ನಾವರದ ಮಲೆನಾಡ ಮಳೆ ನವಲಗುಂದದ ಎರೆಹೊಲ ತಲುಪುವಷ್ಟರಲ್ಲಿ ತೀರ ಇಳಿಯುತ್ತದೆ. ಆ ಇಳಿಜಾರು ಎರಡು ಮೂರು ಚೌಕಗಳಲ್ಲಿ ಮಸುಕಾಗುತ್ತದೆ. ಮೇ ತಿಂಗಳ ಅಡ್ಡಮಳೆಯಂತೂ ಹುಬ್ಬಳ್ಳಿಯನ್ನು ತೋಯಿಸಿ ಧಾರವಾಡವನ್ನು ಒಣಗಲು ಬಿಡಬಹುದು. ಚೌಕದ ಸರಾಸರಿಯಲ್ಲಿ ಎರಡೂ ಊರಿಗೆ ತುಂತುರು. ಹಾಗಾಗಿ ಒಂದು ಚೌಕದೊಳಗಿನ ಗ್ರಾಮ ಪಂಚಾಯಿತಿಗಳ ಮಾಪಕಗಳ ಸರಾಸರಿ ತೆಗೆದು ಹೋಲಿಸಬೇಕು.

ಮಾಪಕವೂ ತಪ್ಪುತ್ತದೆ. ಪುಟ್ಟ ತೊಟ್ಟಿ ತುಂಬಿ ವಾಲಿದಾಗಲೆಲ್ಲ ಎಣಿಸುವ ಟಿಪ್ಪಿಂಗ್ ಬಕೆಟ್ ಮಾಪಕದ ಬಾಯಿಗೆ ಎಲೆ ಸಿಕ್ಕಿದರೆ ಮಳೆ ಸುರಿವಾಗ ಸೊನ್ನೆ ತೋರಿಸಿ, ಮಳೆ ನಿಂತ ಮೇಲೆ ಗಂಟೆಗಟ್ಟಲೆ ಹನಿಮಳೆ ದಾಖಲಿಸುತ್ತದೆ. ಅನುಮಾನ ಬಂದಾಗ ಸುತ್ತಲಿನ ಮಾಪಕಗಳನ್ನೂ, ಅದೇ ಹೊತ್ತಿನ ಇನ್ಸಾಟ್-3ಡಿಆರ್ ಉಪಗ್ರಹದ ಅವಗೆಂಪು ಚಿತ್ರದಲ್ಲಿ ಮೋಡದ ತುದಿ ಎಷ್ಟು ತಂಪಾಗಿದೆ (ತಂಪಾದಷ್ಟೂ ಮೋಡ ಎತ್ತರ) ಎಂಬುದನ್ನೂ ನೋಡಿಸಿ. ಆಮೇಲೆ ಆ ಅಂಕಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕಾರಣ ಸಹಿತ ಬರೆಸಿ.