ಮನಿತನದ ಲಕ್ವಾ: ವಂಶವಾಹಿಯಲ್ಲಿ ಬರುವುದೆಷ್ಟು?

ಮುತ್ಯಾನಿಗೆ ತೊಗರಿ ರಾಶಿಯ ಹೊತ್ತಿನಲ್ಲಿ, ಕಣದಲ್ಲೇ ಲಕ್ವಾ ಹೊಡೆಯಿತು. ಆಮೇಲೆ ದೊಡ್ಡಪ್ಪನಿಗೆ, ಐವತ್ನಾಲ್ಕರಲ್ಲಿ. ಕಾಕಾನಿಗಂತೂ ಐವತ್ತೂ ತುಂಬಿರಲಿಲ್ಲ. ಸೇಡಂ ಕಡೆಯ ನಮ್ಮೂರಲ್ಲಿ ಆಗಿನಿಂದ ಒಂದು ಮಾತು ನಿಂತುಬಿಟ್ಟಿತು: "ಅವರ ಮನಿತನದಾಗೇ ಅದ ಅದು." ಹೆಣ್ಣು ಕೊಡುವವರೂ ಆ ಮಾತನ್ನು ಮೆಲ್ಲಗೆ ಕೇಳಿ ಹೋಗುತ್ತಿದ್ದರು.

ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹೇಳುವ ದನಿಯಲ್ಲಿ ಇನ್ನೊಂದು ಅರ್ಥವೂ ಇರುತ್ತದೆ: ಹಣೆಯಲ್ಲಿ ಬರೆದದ್ದು ಬಂದೇ ಬರುತ್ತದೆ, ಮಾಡುವುದೇನಿದೆ? ನನಗೆ ಸಂಕಟ ಕೊಡುವುದು ಈ ಎರಡನೆಯ ಅರ್ಥ. ಕಾಕಾ ಬಿ.ಪಿ. ಗುಳಿಗೆ ಬಿಟ್ಟದ್ದು ಇದೇ ಮಾತು ಹೇಳಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಬಾಯಿ ಸೊಟ್ಟಗಾದರೂ ಲಕ್ವಾ, ಒಂದು ಕಡೆಯ ಕೈಕಾಲು ಬಿದ್ದರೂ ಲಕ್ವಾ. ಮುಖದ ನರವೊಂದೇ ಊದಿಕೊಂಡು ಬಾಯಿ ವಾರೆಯಾಗುವುದು ಬೆಲ್ಸ್ ಪಾಲ್ಸಿ. ಅದು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಪಾರಿವಾಳದ ರಕ್ತ ಹಚ್ಚಿಸಿಕೊಂಡು ವಾಸಿಯಾಯಿತು ಎನ್ನುವ ಕಥೆಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದ. ಪಾರ್ಶ್ವವಾಯು ಬೇರೆ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಧಿ. ಆ ಗಂಟೆಗಳನ್ನು ಪಾರಿವಾಳ ಹುಡುಕುವುದರಲ್ಲಿ ಕಳೆದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ.

ಇದು ಮನೆತನದಲ್ಲಿ ಇಳಿದು ಬರುತ್ತದೆಯೇ ಎಂಬುದನ್ನು ಲೆಕ್ಕ ಇಟ್ಟು ನೋಡಿದ ಊರು ಅಮೆರಿಕದ ಫ್ರೇಮಿಂಗ್‌ಹ್ಯಾಮ್. 1948ರಲ್ಲಿ ಅಲ್ಲಿನ ಜನರನ್ನು ಹಿಂಬಾಲಿಸಿ ಆರೋಗ್ಯದ ದಾಖಲೆ ಇಡುವ ಕೆಲಸ ಶುರುವಾಯಿತು. ಮುಂದೆ ಅವರ ಮಕ್ಕಳನ್ನೂ ಸೇರಿಸಿಕೊಂಡರು. 2010ರಲ್ಲಿ ಹೊರಬಿದ್ದ ಫಲಿತಾಂಶ ಹೀಗಿತ್ತು: ತಂದೆಗೋ ತಾಯಿಗೋ 65 ವರ್ಷಕ್ಕೆ ಮೊದಲೇ ಪಾರ್ಶ್ವವಾಯು ಆಗಿದ್ದರೆ ಮಕ್ಕಳಿಗೂ ಆ ವಯಸ್ಸಿನೊಳಗೆ ಅದು ಬರುವ ಅಪಾಯ ಸುಮಾರು ಮೂರು ಪಟ್ಟು. ಊರವರ ಮಾತಿಗೆ ಅಂಕಿ ಸಿಕ್ಕಿತು. ಏನು ಇಳಿದು ಬರುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಅದರ ಉತ್ತರದ ಒಂದು ತುಣುಕು ಅಷ್ಟರಲ್ಲಾಗಲೇ ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. 1976ರಲ್ಲಿ ನರವೈದ್ಯೆ ಮಾರಿ-ಜೆರ್ಮೇನ್ ಬೂಸೆರ್ ಅವರ ಬಳಿ ಬಂದ ಒಬ್ಬ ರೋಗಿಗೆ ಬಿ.ಪಿ.ಯೇ ಇರಲಿಲ್ಲ, ಆದರೂ ಪಾರ್ಶ್ವವಾಯು ಆಗಿತ್ತು. ವರ್ಷಗಳು ಕಳೆದಂತೆ ಅವನ ಮಕ್ಕಳಲ್ಲೂ ಅದೇ ಚಿಹ್ನೆಗಳು ಕಾಣಿಸಿದವು. ಬೂಸೆರ್ ಆ ಕುಟುಂಬವನ್ನು ಬಿಡದೆ ಹಿಂಬಾಲಿಸಿದರು. ಅವರ ಜೊತೆಗಾರರು ದೋಷ 19ನೇ ವರ್ಣತಂತುವಿನಲ್ಲಿದೆ (ಕ್ರೋಮೋಸೋಮ್) ಎಂದು 1993ರಲ್ಲಿ ತೋರಿಸಿದರು. 1996ರಲ್ಲಿ ಆ ವಂಶವಾಹಿಯೇ ಸಿಕ್ಕಿತು. ಅದರ ಹೆಸರು ನಾಚ್-3, ರೋಗಕ್ಕೆ ಕಡಾಸಿಲ್ ಎನ್ನುತ್ತಾರೆ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಒಬ್ಬ ರೋಗಿಯನ್ನು ಮರೆಯದೆ ಇಪ್ಪತ್ತು ವರ್ಷ ನೆನಪಿಟ್ಟುಕೊಂಡ ಆ ವೈದ್ಯರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. 2019ರ ಬ್ರೈನ್ ಪ್ರೈಜ್ ಬೂಸೆರ್ ಮತ್ತು ಅವರ ಮೂವರು ಸಹೋದ್ಯೋಗಿಗಳಿಗೆ ಸಂದಿತು.

ಕಡಾಸಿಲ್ ಅಪರೂಪದ್ದು. ಸಾಮಾನ್ಯ ಲಕ್ವಾಕ್ಕೂ ಇಂಥದೇ ಒಂದು ವಂಶವಾಹಿ ಸಿಕ್ಕೀತು ಎಂಬ ಆಸೆ ಆಗ ಎಲ್ಲೆಡೆ ಇತ್ತು. 2003ರಲ್ಲಿ ಐಸ್‌ಲ್ಯಾಂಡ್‌ನ ವಿಜ್ಞಾನಿಗಳು ಪಿಡಿಇ4ಡಿ ಎಂಬುದನ್ನು ತೋರಿಸಿ ಇಗೋ ಸಿಕ್ಕಿತು ಎಂದರು. ಬೇರೆ ದೇಶದವರು ತಮ್ಮ ರೋಗಿಗಳಲ್ಲಿ ಹುಡುಕಿದಾಗ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಆಗ ದಾರಿ ಬದಲಾಯಿತು. ಲಕ್ಷಾಂತರ ಜನರ ಡಿ.ಎನ್.ಎ. ಪಕ್ಕಪಕ್ಕ ಇಟ್ಟು, ಲಕ್ವಾ ಆದವರಲ್ಲಿ ಯಾವ ಅಕ್ಷರ ಹೆಚ್ಚು ಬಾರಿ ಬದಲಾಗಿದೆ ಎಂದು ಕಂಪ್ಯೂಟರಿನಲ್ಲಿ ಜಾಲಾಡತೊಡಗಿದರು. 2018ರ ಅಧ್ಯಯನದಲ್ಲಿ 5,21,612 ಜನರಿದ್ದರು, ಸಿಕ್ಕ ತಾಣಗಳು 32. 2022ರಲ್ಲಿ 1,10,182 ರೋಗಿಗಳನ್ನೂ ಸುಮಾರು 15 ಲಕ್ಷ ಇತರರನ್ನೂ ಹೋಲಿಸಿದಾಗ ತಾಣಗಳು 89 ಆದವು. ಸಾಮಾನ್ಯವಾಗಿ ಕಾಣುವ ಇಂಥ ಒಂದೊಂದು ಬದಲಾವಣೆ ಅಪಾಯವನ್ನು ಏರಿಸುವುದು ಅಷ್ಟಿಷ್ಟೇ. ರಾಶಿಗೆ ಒಂದೊಂದು ಹಿಡಿ ಕಾಳು ಬಿದ್ದಂತೆ.

ಆ ತಾಣಗಳು ಏನು ಮಾಡುತ್ತವೆ ಎಂಬುದೇ ನನಗೆ ಈ ಕಥೆಯ ತಿರುಳು. ಪಿಟ್‌ಎಕ್ಸ್2 ಎಂಬ ವಂಶವಾಹಿಯ ಪಕ್ಕದ ಬದಲಾವಣೆ ಹೃದಯದ ಬಡಿತ ತಾಳ ತಪ್ಪುವಂತೆ ಮಾಡುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಏರುತ್ತದೆ. ಎಚ್‌ಡಿಎಸಿ9 ಬಳಿಯದು ಕುತ್ತಿಗೆಯ ದೊಡ್ಡ ರಕ್ತನಾಳ ಪಾಚಿಗಟ್ಟುವುದರ ಜೊತೆ ತಳಕು ಹಾಕಿಕೊಂಡಿದೆ. ಇನ್ನು ಹಲವು ತಾಣಗಳು ಕೆಲಸ ಮಾಡುವುದು ಬಿ.ಪಿ.ಯ ಮೂಲಕ. ಅಂದರೆ ಮನೆತನದಿಂದ ಇಳಿದು ಬರುವುದು ಎಷ್ಟೋ ಸಲ ಲಕ್ವಾ ಅಲ್ಲ, ಲಕ್ವಾಕ್ಕೆ ದಾರಿ ಮಾಡುವ ಬಿ.ಪಿ. ದಾರಿಯನ್ನು ನಡುವೆಯೇ ಕಟ್ಟಬಹುದು. ಕಾಕಾನಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ನಮ್ಮ ಕಡೆಯ ಇನ್ನೊಂದು ಸಂಗತಿ ಇದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ವಾಡಿಕೆ. ನಮ್ಮ ಅವ್ವನನ್ನೂ ಕೊಟ್ಟದ್ದು ಸೋದರಮಾವನಿಗೇ. ಲೆಕ್ಕ ನೇರವಾಗಿದೆ: ಸೋದರಮಾವನ ಸಂಬಂಧದಲ್ಲಿ ಹುಟ್ಟಿದ ಮಗುವಿಗೆ ಒಂದೇ ಹಿರಿಯರಿಂದ ಬಂದ ಒಂದೇ ವಂಶವಾಹಿಯ ಎರಡು ಪ್ರತಿ ಸಿಗುವ ಸಂಭವ 8ರಲ್ಲಿ 1, ಅತ್ತೆಮಗನ ಸಂಬಂಧದಲ್ಲಿ 16ರಲ್ಲಿ 1. ಮುಪ್ಪಿನಲ್ಲಿ ಬರುವ ಸಾಮಾನ್ಯ ಲಕ್ವಾಕ್ಕೆ ಈ ಮದುವೆಗಳನ್ನು ದೂರುವುದು ಸರಿಯಲ್ಲ. ಆದರೆ ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸುವ ರೋಗಗಳಿವೆ. ಹೋಮೋಸಿಸ್ಟಿನೂರಿಯಾ ಅಂಥದ್ದು. 1962ರಲ್ಲಿ ಗುರುತಿಸಿದ ಈ ರೋಗದಲ್ಲಿ ಕಣ್ಣಿನ ಮಸೂರ ಜಾರುತ್ತದೆ, ಹರೆಯದಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಇಂಥ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಿ6 ವಿಟಮಿನ್‌ನಿಂದಲೇ ಗುಣ ಕಾಣುತ್ತದೆ. ಇಪ್ಪತ್ತರ ಹುಡುಗನಿಗೆ ಲಕ್ವಾ ಹೊಡೆದರೆ ದೇವರ ಶಾಪ ಎನ್ನುವ ಮೊದಲು ಅವನ ತಂದೆತಾಯಿ ಹೇಗೆ ಸಂಬಂಧ ಎಂದು ವೈದ್ಯರಿಗೆ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬಾಣಂತಿಯರ ಲಕ್ವಾ ಇನ್ನೂ ಬೇರೆ. ಹೆರಿಗೆಯ ನಂತರ ಮಿದುಳಿನಿಂದ ರಕ್ತ ಹೊರಹೋಗುವ ನಾಳದಲ್ಲಿ ಹೆಪ್ಪುಗಟ್ಟುವುದು. ಮೊದಲು ತಡೆಯಲಾರದ ತಲೆನೋವು, ಫಿಟ್ಸ್, ಆಮೇಲೆ ಕೈಕಾಲು ಬೀಳುವುದು. ಯುರೋಪಿನಲ್ಲಿ ಇದರ ಹಿಂದೆ ಹಲವು ಬಾರಿ ಫ್ಯಾಕ್ಟರ್ ಫೈವ್ ಲೈಡನ್ ಎಂಬ ವಂಶವಾಹಿ ಬದಲಾವಣೆ ಇರುತ್ತದೆ. 1994ರಲ್ಲಿ ಡಚ್ಚರ ಲೈಡನ್ ಊರಿನಲ್ಲಿ ಪತ್ತೆಯಾದದ್ದು ಅದು. ಭಾರತೀಯರಲ್ಲಿ ಅದು ಅವರಿಗಿಂತ ಕಡಿಮೆ, ರೋಗ ಮಾತ್ರ ಕಡಿಮೆಯಿಲ್ಲ. ಹಾಗಾದರೆ ಇಲ್ಲಿ ಕಾರಣವೇನು? ಹೆರಿಗೆಯಾದಾಗ ಯಾವ ಹೆಂಗಸಿನ ರಕ್ತವೂ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ರಕ್ತಹೀನತೆ, ಬಿ12 ಕೊರತೆಯಿಂದ ಏರುವ, ರಕ್ತ ಹೆಪ್ಪುಗಟ್ಟಿಸುವ ಹೋಮೋಸಿಸ್ಟೀನ್ ಎಂಬ ವಸ್ತು, ಅದರ ಮೇಲೆ ಬಾಣಂತಿಗೆ ಹೊಟ್ಟೆ ತುಂಬ ನೀರು ಕೊಡದ ನಮ್ಮ ಪದ್ಧತಿ. ನಮ್ಮ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಲೋಟ ಅಳೆದು ನೀರು ಕುಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಯಿ, ಅವ್ವಂದಿರೇ, ದಯವಿಟ್ಟು ನೀರು ಕೊಡಿ.

ಯುರೋಪಿನವರ ವಂಶವಾಹಿ ಬದಲಾವಣೆಗಳ ಪಟ್ಟಿ ನಮಗೆ ಹಾಗೇ ಒಪ್ಪುವುದಿಲ್ಲ ಎಂಬುದಕ್ಕೆ ಗುಳಿಗೆಯೂ ಸಾಕ್ಷಿ. ಲಕ್ವಾ ಮತ್ತೆ ಬಾರದಿರಲೆಂದು ಕೊಡುವ ಕ್ಲೊಪಿಡೊಗ್ರೆಲ್ ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಪಡಿಸಬೇಕು. ಆ ಕಿಣ್ವದ ವಂಶವಾಹಿಯ ದುರ್ಬಲ ರೂಪ ದಕ್ಷಿಣ ಏಷ್ಯಾದವರಲ್ಲಿ ಯುರೋಪಿನವರಿಗಿಂತ ಹೆಚ್ಚು ಜನರಲ್ಲಿದೆ. ಹಾಗೆಂದು ಗುಳಿಗೆ ತಾವಾಗಿ ನಿಲ್ಲಿಸಬಾರದು. ಬದಲು ಮದ್ದುಗಳಿವೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಇಂಥ ವ್ಯತ್ಯಾಸಗಳನ್ನು ಓದಲು ನಮ್ಮದೇ ಡಿ.ಎನ್.ಎ. ಬೇಕು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿ.ಎನ್.ಎ., ಓದಿಸಿತು. ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟದ್ದು 2025ರ ಜನವರಿಯಲ್ಲಿ. ಕೆಲಸ ಈಗ ಶುರುವಾಗಿದೆ ಎಂದೇ ಹೇಳಬೇಕು.

ಹಣೆಬರಹದ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಬ್ರಿಟನ್ನಿನ 3,06,473 ಜನರ ಮೇಲಿನ 2018ರ ಅಧ್ಯಯನ. ವಂಶವಾಹಿಯ ಅಪಾಯ ಅತಿ ಹೆಚ್ಚಿದ್ದವರಿಗೆ ಅತಿ ಕಡಿಮೆ ಇದ್ದವರಿಗಿಂತ ಪಾರ್ಶ್ವವಾಯು ಬರುವ ಸಂಭವ 35% ಹೆಚ್ಚಿತ್ತು. ಬೀಡಿ-ಸಿಗರೇಟು, ಊಟ, ಮೈತೂಕ, ವ್ಯಾಯಾಮ ಈ ನಾಲ್ಕರಲ್ಲಿ ಮೂರಾದರೂ ಕೆಟ್ಟಿದ್ದವರಿಗೆ, ಮೂರಾದರೂ ಸರಿಯಿದ್ದವರಿಗಿಂತ 66% ಹೆಚ್ಚು. ಭಾರತವೂ ಸೇರಿ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲೂ, ಬದಲಾಯಿಸಬಹುದಾದ ಹತ್ತು ಕಾರಣಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಬಿ.ಪಿ.ಯೇ.

ಕಾಕಾ ತೀರಿಕೊಂಡ ವರ್ಷ ಅವನ ದಿನದ ಊಟಕ್ಕೆ ಸೇರಿದ್ದ ನಾವು, ಮೂವತ್ತು ದಾಟಿದವರು, ಊರಿನ ಉಪಕೇಂದ್ರದ ಸಿಸ್ಟರ್‌ನನ್ನು ಮನೆಗೆ ಕರೆಸಿದೆವು. ಆಕೆ ಪಡಸಾಲೆಯಲ್ಲಿ ಕುಳಿತು ಒಬ್ಬೊಬ್ಬರ ತೋಳಿಗೂ ಪಟ್ಟಿ ಸುತ್ತಿ ನೋಡಿದರು. ಹದಿನಾಲ್ಕು ಜನರಲ್ಲಿ ಐವರ ಬಿ.ಪಿ. ಏರಿತ್ತು. ಅವರಲ್ಲಿ ನಾಲ್ವರಿಗೆ ಅದು ಗೊತ್ತೇ ಇರಲಿಲ್ಲ. ಆ ನಾಲ್ವರಲ್ಲಿ ಒಬ್ಬ ಕಾಕಾನ ಮಗ, ಮೂವತ್ನಾಲ್ಕರವ. "ನನಗೇನೂ ಆಗಿಲ್ಲಲ್ರಿ ಸಿಸ್ಟರ್," ಎಂದ. ಸಿಸ್ಟರ್ ಪಟ್ಟಿ ಬಿಚ್ಚದೆ ಇನ್ನೊಮ್ಮೆ ಗಾಳಿ ತುಂಬಿದರು.